ಹಕ್ಕಿ ಕಾಯುವುದು

ಜನವರಿಯ ಎರಡನೆಯ ವಾರ. ಎಂಟನೆಯ ತರಗತಿಯಲ್ಲಿ ಹಾಜರಿ ಕರೆಯುವಾಗ ಹಿಂದಿನ ಸಾಲಿನ ಒಬ್ಬ ಹುಡುಗನ ಹೆಸರಿಗೆ ನಾಲ್ಕು ದಿನ ಸತತವಾಗಿ 'ಬಂದಿಲ್ರಿ' ಎಂಬ ಉತ್ತರವೇ ಬಂತು. ಐದನೆಯ ದಿನ ಅವನೇ ಎದ್ದು ನಿಂತ. ಜ್ವರ ಬಂದಿತ್ತೇನೋ ಎಂದು ಕೇಳಿದೆ.

"ಇಲ್ರಿ ಮೇಡಂ, ಹಕ್ಕಿ ಕಾಯಾಕ ಹೋಗಿದ್ನಿರಿ."

ತರಗತಿಯಲ್ಲಿ ಯಾರೂ ನಗಲಿಲ್ಲ. ಯಲಬುರ್ಗಾದ ಎರೆಭೂಮಿಯಲ್ಲಿ ಬಿಳಿಜೋಳ ಹಾಲುಗಾಳಿಗೆ ಬಂದಾಗ ಮಕ್ಕಳು ಶಾಲೆ ಬಿಟ್ಟು ಹೊಲಕ್ಕೆ ಹೋಗುವುದು ಹೊಸದೇನೂ ಅಲ್ಲ. ಮಾತು ನಿಂತಿದ್ದು ನನ್ನದು. ಅವನ ಬೆನ್ನ ಹಿಂದಿನ ಗೋಡೆಯ ಮೇಲೆ, ಡಿಸೆಂಬರಿನಲ್ಲಿ ನಾನೇ ಬರೆಸಿ ಅಂಟಿಸಿದ್ದ ಚಾರ್ಟ್ ಇತ್ತು. ದೊಡ್ಡ ಹಸಿರು ಅಕ್ಷರಗಳಲ್ಲಿ 'ಹಕ್ಕಿಗಳನ್ನು ಕಾಯೋಣ' ಎಂದಿತ್ತು.

ದನ ಕಾಯುವುದು ಎಂದರೆ ದನವನ್ನು ನೋಡಿಕೊಳ್ಳುವುದು. ಮನೆ ಕಾಯುವುದು ಎಂದರೆ ಮನೆಯನ್ನು ನೋಡಿಕೊಳ್ಳುವುದು. ಆದರೆ ಹಕ್ಕಿ ಕಾಯುವುದು ಎಂದರೆ ನಮ್ಮ ಭಾಗದ ಯಾವ ಮಗುವನ್ನು ಕೇಳಿದರೂ ಹಕ್ಕಿಯಿಂದ ಬೆಳೆಯನ್ನು ಕಾಯುವುದು ಎಂದೇ ಹೇಳುತ್ತದೆ. ಚಾರ್ಟ್ ಬರೆಸುವಾಗ ಈ ಅರ್ಥ ನನಗೆ ಹೊಳೆದಿರಲಿಲ್ಲ. ನಾನೂ ಈ ಜಿಲ್ಲೆಯವಳೇ, ಆದರೆ ಗಂಗಾವತಿ ಕಡೆಯವಳು. ತುಂಗಭದ್ರಾ ಕಾಲುವೆಯ ನೀರು, ವರ್ಷಕ್ಕೆ ಎರಡು ಬೆಳೆ ಭತ್ತ, ಗದ್ದೆ ಹದ ಮಾಡುವ ಟ್ರ್ಯಾಕ್ಟರಿನ ಹಿಂದೆ ಹುಳುವಿಗಾಗಿ ಬೆಳ್ಳಕ್ಕಿಗಳ ಸಾಲು, ಇವನ್ನೆಲ್ಲ ನೋಡುತ್ತ ಬೆಳೆದವಳು. ಹಕ್ಕಿಗೆ ನೀರಿಡಬೇಕು ಎನ್ನುವುದೇ ನಮ್ಮೂರಲ್ಲಿ ಯಾರಿಗೂ ತೋಚುವುದಿಲ್ಲ, ನೀರು ಎಲ್ಲೆಡೆ ಇದೆ. ಇಲ್ಲಿ ಕುಷ್ಟಗಿ, ಯಲಬುರ್ಗಾ ಕಡೆ ಬಂದರೆ ಸಂಕ್ರಾಂತಿಯ ಹೊತ್ತಿಗೇ ಹಳ್ಳ ಬತ್ತಿರುತ್ತದೆ. ಒಂದೇ ಜಿಲ್ಲೆಯೊಳಗೆ ಎರಡು ಲೋಕ.

ಮೊದಲಿನಿಂದ ಹೇಳುತ್ತೇನೆ.

ನವೆಂಬರಿನಲ್ಲಿ ನಮ್ಮನ್ನು ಬೋಧನಾಭ್ಯಾಸಕ್ಕೆ ಹಂಚಿದಾಗ ನನಗೆ ಬಂದದ್ದು ಯಲಬುರ್ಗಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಕೊಪ್ಪಳದಿಂದ ಬಸ್ಸು ಕುಕನೂರಿನ ಮೇಲೆ ಹಾದು ಬರಬೇಕು. ಆವರಣದಲ್ಲಿ ಎರಡು ದೊಡ್ಡ ಬೇವಿನ ಮರ, ಕಾಂಪೌಂಡಿನುದ್ದಕ್ಕೂ ದಾಸವಾಳದ ದಟ್ಟ ಬೇಲಿ, ಬಿಸಿಯೂಟದ ಕೋಣೆಯ ಹಿಂದೆ ಬದನೆ, ನುಗ್ಗೆ, ಕರಿಬೇವು ಇರುವ ಕೈತೋಟ. ವಿಜ್ಞಾನದಲ್ಲಿ ನನ್ನ ಪಾಲಿಗೆ ಬಂದ ಘಟಕ 'ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ'. ಜೀವಗೋಳ ಮೀಸಲು, ರಾಷ್ಟ್ರೀಯ ಉದ್ಯಾನ, ಅಳಿವಿನಂಚಿನ ಪ್ರಾಣಿಗಳು ಎಲ್ಲವೂ ಅದರಲ್ಲಿವೆ. ಹುಲಿ, ಘೇಂಡಾಮೃಗಗಳ ಪಾಠವನ್ನು ಎರೆಹೊಲದ ನಡುವೆ ನಿಂತು ಮಾಡುವುದು ಹೇಗೆ ಎಂದು ಯೋಚಿಸಿ, ಶಾಲೆಯ ಕೈತೋಟವನ್ನೇ ಹಕ್ಕಿಗಳಿಗೆ ಆಶ್ರಯ ಮಾಡುವ ಚಟುವಟಿಕೆಯನ್ನು ಪಾಠ ಯೋಜನೆಯಲ್ಲಿ ಸೇರಿಸಿದೆ. ಉದ್ದೇಶಗಳ ಕಾಲಮ್ಮಿನಲ್ಲಿ ನಾವೆಲ್ಲ ಬರೆಯುವ ಹಾಗೆಯೇ ಬರೆದೆ: ವಿದ್ಯಾರ್ಥಿಯು ಪಕ್ಷಿಗಳನ್ನು ಗುರುತಿಸುವನು, ಹೋಲಿಸುವನು, ಸಂರಕ್ಷಣೆಯ ಮಹತ್ವವನ್ನು ಅರಿಯುವನು. ಶಿಕ್ಷಕಿಯು ಏನನ್ನು ಅರಿಯುವಳು ಎಂಬುದಕ್ಕೆ ನಮ್ಮ ನಮೂನೆಯಲ್ಲಿ ಕಾಲಮ್ಮಿಲ್ಲ.

ಮೇಲ್ವಿಚಾರಕರು ಪಾಠ ವೀಕ್ಷಣೆಗೆ ಬರುವ ವಾರ ಹತ್ತಿರವಾಗಿತ್ತು. ಸಂತೆಯಿಂದ ಆರು ಮಣ್ಣಿನ ಬೋಗುಣಿ ತಂದೆ. ನಾಲ್ಕನ್ನು ನೈಲಾನ್ ದಾರದಿಂದ ಬೇವಿನ ಕೊಂಬೆಗೆ ತೂಗುಹಾಕಿದೆವು. ಎರಡನ್ನು ದಾಸವಾಳದ ಬೇಲಿಯ ಬುಡದಲ್ಲಿ ಇಟ್ಟೆವು, ನೆರಳಿರುತ್ತದೆ, ನೀರು ಬೇಗ ಆರುವುದಿಲ್ಲ ಎಂಬುದು ನನ್ನ ಲೆಕ್ಕ. ಪಕ್ಕದಲ್ಲಿ ಬಿಸಿಯೂಟದಲ್ಲಿ ಉಳಿದ ಅನ್ನ. ಎರಡೇ ದಿನಕ್ಕೆ ಗುಬ್ಬಿ, ಗೊರವಂಕ, ಪಿಕಳಾರ, ಬೆಳವ, ಹರಟೆಮಲ್ಲಗಳ ಗುಂಪು ಎಲ್ಲವೂ ಬಂದವು. ಮೇಲ್ವಿಚಾರಕರು ನೋಡಿ ಸಂತೋಷಪಟ್ಟರು. ವೀಕ್ಷಣಾ ಪುಸ್ತಕದಲ್ಲಿ 'ಚಟುವಟಿಕೆ ಚೆನ್ನಾಗಿದೆ' ಎಂದು ಬರೆದು, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ನೀವು ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ?' ಮೊದಲ ಸಾಲನ್ನಷ್ಟೇ ನಾನು ಗೆಳತಿಯರಿಗೆ ತೋರಿಸಿದೆ.

ಮುಂದಿನ ಸೋಮವಾರ ಪ್ರಾರ್ಥನೆಗೆ ಮುಂಚೆ ಹುಡುಗಿಯರು ಓಡಿಬಂದು ಕರೆದರು. ಬೇಲಿಯ ಬುಡದಲ್ಲಿ ಬೂದು ಪುಕ್ಕಗಳ ರಾಶಿ ಬಿದ್ದಿತ್ತು. ಬೆಳವ. ಬೋಗುಣಿಯ ನೀರಿನಲ್ಲೂ ಎರಡು ಗರಿ ತೇಲುತ್ತಿದ್ದವು. ನಾಲ್ಕು ದಿನ ಬಿಟ್ಟು ಅದೇ ಜಾಗದಲ್ಲಿ ಮತ್ತೊಂದು. ನಾಯಿಯೇ ಇರಬೇಕು ಎಂದು ನಾನು ಹೇಳುತ್ತಿದ್ದಾಗ ಹಿಂದಿನ ಸಾಲಿನ ಅದೇ ಹುಡುಗ ಬೇಲಿಯ ಕೆಳಗೆ ಬಗ್ಗಿ, ತರಗೆಲೆ ಸವೆದು ತಗ್ಗಾದ ಜಾಗವನ್ನು ಬೆರಳಿಟ್ಟು ತೋರಿಸಿದ.

"ಬೆಕ್ಕು ಇಲ್ಲೇ ಕುಂದರ್ತೈತ್ರಿ. ನೀವ ಅದಕ್ಕ ಬುತ್ತಿ ಕಟ್ಟಿ ಕೊಟ್ಟಂಗಾತು, ಮೇಡಂ."

ಅವನ ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ನೀರು ಕುಡಿಯಲು ತಲೆ ಬಗ್ಗಿಸಿದ ಹಕ್ಕಿಗೆ ಸುತ್ತಲಿನದು ಕಾಣುವುದಿಲ್ಲ. ಮೀಯುವಾಗ ರೆಕ್ಕೆ ಒದ್ದೆಯಾಗಿ ಅದು ಎಂದಿನ ವೇಗದಲ್ಲಿ ಏಳಲಾರದು. ನಾನು ಹಕ್ಕಿಗಳನ್ನು ಕರೆದು, ಕಣ್ಣು ಕಾಣದ ಹೊತ್ತಿನಲ್ಲಿ, ಬೆಕ್ಕು ಅಡಗುವ ಪೊದೆಗೆ ಒಂದು ಗೇಣು ದೂರದಲ್ಲಿ ಕೂರಿಸಿದ್ದೆ. ಜೊತೆಗೆ ಉಪ್ಪು, ಸಾರು ಸೇರಿದ ಎಂಜಲು ಅನ್ನ. ಅದು ಮೊದಲು ಕರೆದಿದ್ದು ಇಲಿಯನ್ನು, ಇಲಿ ಕರೆದಿದ್ದು ಬೆಕ್ಕನ್ನು. ಬಿ.ಎಸ್ಸಿ.ಯಲ್ಲಿ ಆಹಾರ ಸರಪಳಿಯ ಪ್ರಶ್ನೆಗೆ ಪೂರ್ಣ ಅಂಕ ಪಡೆದವಳು ನಾನು.

ನಾನು ಬರುವ ಮೊದಲು ಆ ಬೆಳವಗಳು ಎಲ್ಲೋ ನೀರು ಕುಡಿಯುತ್ತಿದ್ದವು. ನಾನು ಬೋಗುಣಿ ಇಡದಿದ್ದರೆ ಆ ಬೇಲಿಯ ಬುಡಕ್ಕೆ ಅವು ಬರುತ್ತಿರಲಿಲ್ಲ. ಆ ವಾರವೆಲ್ಲ ಇದೇ ತಲೆಯಲ್ಲಿ ಸುತ್ತುತ್ತಿತ್ತು. ಬೋಗುಣಿಗಳನ್ನೆಲ್ಲ ಎತ್ತಿಬಿಡೋಣ ಎಂದುಕೊಂಡೆ. ನನ್ನ ಮಾರ್ಗದರ್ಶಿ ಶಿಕ್ಷಕರು, ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದವರು, ಬೇಡ ಎಂದರು. "ತಪ್ಪು ಎಲ್ಲಾತು ಅಂತ ಹುಡುಗರಿಗೇ ಹುಡುಕಾಕ ಹಚ್ಚರಿ. ಅದ ನಿಮ್ಮ ಪಾಠ."

ಹಾಗಾಗಿ ಘಟಕ ಮುಗಿದ ಮೇಲೂ ಪಾಠ ಮುಂದುವರಿಯಿತು. ಮಕ್ಕಳನ್ನು ಐದು ಗುಂಪು ಮಾಡಿ ಒಂದು ಪ್ರಶ್ನೆ ಕೊಟ್ಟೆ: ನೀವು ಹಕ್ಕಿಯಾದರೆ ನಮ್ಮ ಶಾಲೆಯಲ್ಲಿ ಯಾವುದಕ್ಕೆ ಹೆದರುತ್ತೀರಿ? ಅವರು ತಂದ ಪಟ್ಟಿ ನಾನು ಯೋಚಿಸಿದ್ದಕ್ಕಿಂತ ಉದ್ದವಾಗಿತ್ತು.

ಫ್ಯಾನು ಎಂದು ಒಂದು ಗುಂಪು ಬರೆದಿತ್ತು. ಏಳನೆಯ ತರಗತಿಯ ಕೋಣೆಯಲ್ಲಿ ಮಹನೀಯರ ಫೋಟೋಗಳ ಹಿಂದೆ ಗುಬ್ಬಿ ಗೂಡು ಕಟ್ಟುತ್ತವೆ, ಒಳಗೆ ಹೊರಗೆ ಹಾರಾಡುವಾಗ ರೆಕ್ಕೆಗೆ ಸಿಕ್ಕು ಸಾಯುತ್ತವೆ. ಗುಬ್ಬಿಗಳು ಅಲ್ಲಿಗೆ ಏಕೆ ಬರುತ್ತವೆ ಎಂಬುದಕ್ಕೂ ಅವರೇ ಕಾರಣ ಹೇಳಿದರು. ಹಳೆಯ ಮಾಳಿಗೆ ಮನೆಗಳಲ್ಲಿ ಜಂತಿಯ ಸಂದು, ಗೋಡೆಯ ಮಾಡ, ಕಲ್ಲಿನ ಬಿರುಕು ಇರುತ್ತಿದ್ದವು. ಈಗ ಊರಲ್ಲಿ ಕಟ್ಟುವುದೆಲ್ಲ ಆರ್.ಸಿ.ಸಿ. ಮನೆ, ಅದರಲ್ಲಿ ಗುಬ್ಬಿ ಕೂರುವಷ್ಟು ಸಂದೂ ಇಲ್ಲ. ಆ ಪಾಠವನ್ನು ನಾನು ಯೋಜಿಸಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಹೊರಗೋಡೆಗೆ, ಮಧ್ಯಾಹ್ನದ ಬಿಸಿಲು ಬೀಳದ ಕಡೆ, ಎರಡಾಳೆತ್ತರದಲ್ಲಿ ಮೂರು ಹಲಗೆ ಪೆಟ್ಟಿಗೆ ಹೊಡೆಸಿದೆವು. ತೂತಿನ ಅಗಲ 3.2 ಸೆಂಟಿಮೀಟರ್. ಗುಬ್ಬಿ ಒಳಹೋಗಲು ಅಷ್ಟು ಸಾಕು, ಗೊರವಂಕ ತೂರಲಾರದು. ತೂತಿನ ಮುಂದೆ ಕೂರಲು ಕಡ್ಡಿ ಇಡಲಿಲ್ಲ. ಗುಬ್ಬಿಗೆ ಅದು ಬೇಕಿಲ್ಲ, ಮರಿ ಕದಿಯಲು ಬರುವ ಕಾಗೆಗೆ ಬೇಕು.

ಇನ್ನೊಂದು ಗುಂಪು ಕಂಪ್ಯೂಟರ್ ಕೋಣೆಯ ಕಿಟಕಿಯನ್ನು ಬರೆದಿತ್ತು. ಗಾಜಿಗೆ ಕಪ್ಪು ಹಾಳೆ ಅಂಟಿಸಿದ್ದರಿಂದ ಹೊರಗಿನಿಂದ ನೋಡಿದರೆ ಅದರಲ್ಲಿ ಬೇವಿನ ಮರ ಪೂರ್ತಿ ಕಾಣುತ್ತದೆ. ಪಿಕಳಾರ ಅದನ್ನು ಮರವೆಂದೇ ನಂಬಿ ಹಾರಿ ಬಂದು ಬಡಿದುಕೊಳ್ಳುತ್ತದೆ. ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಗಾಜಿನ ಹೊರಮೈ ಮೇಲೆ ಎರಡು ಅಂಗುಲಕ್ಕೆ ಒಂದರಂತೆ ಗೆರೆ ಎಳೆದರೆ ಹಕ್ಕಿಗೆ ಅದು ಅಡ್ಡಿ ಎಂದು ತಿಳಿಯುತ್ತದೆ. ಒಳಮೈಗೆ ಎಳೆದರೆ ಪ್ರತಿಬಿಂಬ ಹಾಗೆಯೇ ಉಳಿಯುತ್ತದೆ, ಪ್ರಯೋಜನವಿಲ್ಲ. ಹುಡುಗಿಯರು ಸುಣ್ಣ ಕಲಸಿ ಗೆರೆಯ ಬದಲು ಎಳೆ ರಂಗೋಲಿಯನ್ನೇ ಹಾಕಿದರು. ಪ್ರತಿಬಿಂಬ ಎಂಬ ಪರಿಕಲ್ಪನೆಯನ್ನು ಆ ತರಗತಿಗೆ ಮತ್ತೆ ಕಲಿಸುವ ಅಗತ್ಯ ಬೀಳಲಿಲ್ಲ.

ನಾನು ಕಟ್ಟಿದ್ದ ನೈಲಾನ್ ದಾರವೂ ಪಟ್ಟಿಯಲ್ಲಿತ್ತು! ಗುಬ್ಬಿ ಅದರ ಎಳೆಯನ್ನು ಗೂಡಿಗೆ ಒಯ್ದರೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದಂತೆ. ಆಷಾಢದ ಗಾಳಿಗೆ ಪಟ ಹಾರಿಸಿದ ದಾರ ಈಗಲೂ ಬೇವಿನ ತುದಿಯಲ್ಲಿ ನೇತಾಡುತ್ತಿದ್ದುದನ್ನೂ ತೋರಿಸಿದರು. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿಯೇ ದೇಶದಾದ್ಯಂತ ನಿಷೇಧಿಸಿದೆ ಎಂದು ನಾನು ಹೇಳಿದೆ. "ಅಂಗಡ್ಯಾಗ ಸಿಗ್ತೈತ್ರಿ" ಎಂದರು. ಒಬ್ಬ ಹುಡುಗನ ಅಜ್ಜ ಪುಂಡಿ ನಾರಿನ ಹಗ್ಗ ಹೊಸೆದು ಕಳಿಸಿದರು, ಬೋಗುಣಿಗಳು ಈಗ ಅದರಲ್ಲಿ ತೂಗುತ್ತಿವೆ.

ಬದನೆಗೆ ಹೊಡೆಯುವ ಎಣ್ಣೆಯ ವಿಷಯ ನಾನೇ ಎತ್ತಿದೆ. (ಕೀಟನಾಶಕಕ್ಕೆ ನಮ್ಮಲ್ಲಿ ಎಣ್ಣೆ ಎನ್ನುತ್ತಾರೆ. ಬೇರೆ ಕಡೆಯಿಂದ ಬಂದ ಪ್ರಶಿಕ್ಷಣಾರ್ಥಿಗಳು ಅಡುಗೆ ಎಣ್ಣೆ ಎಂದುಕೊಂಡು ಗೊಂದಲಪಟ್ಟದ್ದುಂಟು.) ದೊಡ್ಡ ಗುಬ್ಬಿ ಕಾಳು ತಿಂದು ಬದುಕುತ್ತದೆ, ಆದರೆ ಮರಿಗೆ ಮೊದಲ ದಿನಗಳಲ್ಲಿ ತಿನ್ನಿಸುವುದು ಮೆತ್ತನೆಯ ಹುಳುಗಳನ್ನು. ಹುಳು ಇಲ್ಲದ ತೋಟದಲ್ಲಿ ಎಷ್ಟು ಸಜ್ಜೆ ಚೆಲ್ಲಿದರೂ ಮರಿ ಬದುಕುವುದಿಲ್ಲ. ಬಿಸಿಯೂಟದ ಅಕ್ಕನವರು ಇದನ್ನು ಕೇಳಿ, ಮಕ್ಕಳು ತಿನ್ನುವ ಬದನೆಗೂ ಅದು ಒಳ್ಳೆಯದಲ್ಲ ಬಿಡಿ ಎಂದು ಬೇವಿನ ಬೀಜದ ಕಷಾಯಕ್ಕೆ ಒಪ್ಪಿದರು. ಹುಳುಕು ಬದನೆಯನ್ನು ಕತ್ತರಿಸಿ ತೆಗೆಯುವ ಕೆಲಸ ಅವರಿಗೆ ಹೆಚ್ಚಾಯಿತು. ಅದನ್ನು ಅವರು ನನಗೆ ಎರಡು ಮೂರು ಸಲ ನೆನಪಿಸಿದ್ದಾರೆ.

ಉಳಿದದ್ದು ಬೆಕ್ಕು. ನೀರನ್ನು ಪೊದೆಯಿಂದ ದೂರ, ಸುತ್ತ ಏಳೆಂಟು ಅಡಿ ಬಯಲಿರುವ ಜಾಗಕ್ಕೆ ತಂದೆವು. ಆದರೆ ತೀರಾ ಬಯಲಿನಲ್ಲಿಟ್ಟರೆ ಬಿಜ್ಜು ಎರಗಿದಾಗ ಹಕ್ಕಿಗೆ ಓಡಿ ಅಡಗಲು ಜಾಗ ಬೇಕು. ಅದಕ್ಕಾಗಿ ಬೇವಿನ ಕೊಂಬೆ ಮೇಲೆ ಚಾಚಿರುವ ಕಡೆಯೇ ಆರಿಸಿದೆವು. ಬೆಕ್ಕು ಅಡಗುವ ಬೇಲಿಯ ಬುಡಕ್ಕೆ ಬಾರಿಮುಳ್ಳು ತುರುಕುವುದು ಮಕ್ಕಳ ಸಲಹೆ, ಹೊಲದಲ್ಲಿ ಅವರು ದಿನವೂ ನೋಡುವ ಉಪಾಯ. ಬರಿಗಾಲಲ್ಲಿ ಆಡುವ ಮಕ್ಕಳಿದ್ದಾರೆ ಎಂದು ಮುಖ್ಯೋಪಾಧ್ಯಾಯರು ಮೊದಲು ಒಪ್ಪಲಿಲ್ಲ. ಅವರ ಮಾತೂ ಸರಿಯೇ. ಕೊನೆಗೆ ಆಟದ ಬಯಲಿನ ಕಡೆ ಬಿಟ್ಟು ಕಾಂಪೌಂಡ್ ಗೋಡೆಯ ಕಡೆಗೆ ಮಾತ್ರ ಮುಳ್ಳು ಹಾಕಿದೆವು. ಎಂಜಲು ಅನ್ನ ಚೆಲ್ಲುವುದು ಪೂರ್ತಿ ನಿಂತಿತು. ಬೆಳಿಗ್ಗೆ ಒಂದು ಹಿಡಿ ಸಜ್ಜೆ ಅಥವಾ ನವಣೆ, ಮಧ್ಯಾಹ್ನದೊಳಗೆ ತಿಂದು ಮುಗಿಯುವಷ್ಟೇ. ಆಮೇಲೆ ಪುಕ್ಕದ ರಾಶಿ ಕಾಣಲಿಲ್ಲ. ಬೆಕ್ಕು ಈಗಲೂ ಶಾಲೆಯಲ್ಲೇ ಇದೆ, ಇಲಿ ಹಿಡಿಯುತ್ತದೆ.

ಇಷ್ಟೆಲ್ಲ ಆದ ಮೇಲೆಯೇ ಜನವರಿಯ ಆ ಹಾಜರಿ. ಬೆಕ್ಕಿನ ಜಾಗ ತೋರಿಸಿದ ಹುಡುಗನೇ ಹಕ್ಕಿ ಓಡಿಸಲು ನಾಲ್ಕು ದಿನ ಶಾಲೆ ಬಿಟ್ಟಿದ್ದ. ನಾನು ಏನೂ ಕೇಳದಿದ್ದರೂ ಅವನೇ ಕೇಳಿದ:

"ನಮ್ಮಪ್ಪ ಹಕ್ಕಿ ಓಡಸು ಅಂತಾನ, ನೀವು ಹಕ್ಕಿ ಕರಿ ಅಂತೀರಿ. ಯಾರ ಮಾತು ಕೇಳಬೇಕ್ರಿ?"

ಉತ್ತರ ನನ್ನಲ್ಲಿರಲಿಲ್ಲ. ಜೀವವೈವಿಧ್ಯ, ಪರಿಸರ ಸಮತೋಲನ ಎಂದು ಹೇಳಬಹುದಿತ್ತು. ಮಳೆ ಕೈಕೊಟ್ಟ ವರ್ಷ ನಾಲ್ಕು ಎಕರೆ ಜೋಳವನ್ನೇ ನಂಬಿದ ಮನೆಯ ಹುಡುಗನ ಮುಂದೆ ಆ ಪದಗಳು ಬಾಯಿಗೆ ಬರಲಿಲ್ಲ. "ಈ ಭಾನುವಾರ ನಿಮ್ಮ ಹೊಲಕ್ಕೆ ಬರ್ತೀನಿ, ಅಲ್ಲೇ ಮಾತಾಡೋಣ" ಎಂದೆ.

ಹೊಲದ ನಡುವೆ ನಾಲ್ಕು ಕಂಬದ ಅಟ್ಟಣಿಗೆ. ಮೇಲೆ ಅವನ ಅಜ್ಜಿ, ಕೈಯಲ್ಲಿ ಒಂದು ತಗಡಿನ ಡಬ್ಬಿ. ಬೆಳಗಿನ ಏಳಕ್ಕೆಲ್ಲ ಹಕ್ಕಿಗಳ ಅಲೆಗಳು ಶುರುವಾದವು. ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದ ಗುಲಾಬಿ ಕಬ್ಬಕ್ಕಿಗಳು ಅಲ್ಲಿ ನೂರಾರು ಇದ್ದವು. ತಲೆ, ರೆಕ್ಕೆ ಕಪ್ಪು, ಬೆನ್ನು, ಹೊಟ್ಟೆ ನಸುಗೆಂಪು. ಒಟ್ಟಿಗೆ ಎದ್ದು ಒಟ್ಟಿಗೆ ತಿರುಗಿ ಮತ್ತೆ ತೆನೆಗೆ ಬೀಳುತ್ತಿದ್ದವು. ಅಜ್ಜಿ ಡಬ್ಬಿ ಬಡಿದು 'ಹೋ' ಎಂದು ಕೂಗಿದರೆ ಪಕ್ಕದ ಹೊಲಕ್ಕೆ, ಅಲ್ಲಿಯವರು ಕೂಗಿದರೆ ಮತ್ತೆ ಇಲ್ಲಿಗೆ. ಹುಡುಗ ಕವಣೆ ಬೀಸುತ್ತಿದ್ದ. ಕಲ್ಲು ಹಕ್ಕಿಗಳ ತಲೆಯ ಮೇಲಿಂದ ಎಲ್ಲೋ ದೂರ ಹೋಗಿ ಬೀಳುತ್ತಿತ್ತು. ಗುರಿ ತಪ್ಪುತ್ತಿದೆ ಎಂದು ನಾನು ಅಂದುಕೊಂಡೆ. ಅಜ್ಜಿ ನಕ್ಕರು.

"ಹೊಡ್ಯಾಕಲ್ರಿ ಅಕ್ಕೋರ, ಎಬ್ಬಸಾಕ. ಅವು ತಿಂದು ಬದುಕಬೇಕು, ನಾವೂ ಬದುಕಬೇಕು. ದಂಡಿ ಸಾಲು ಅವಕ್ಕ ಬಿಟ್ಟೇವಿ."

ಶಾಲೆಯ ಹಿಂದೆ ಕವೆಗೋಲಿಗೆ ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಿಕೊಂಡು ಗುಬ್ಬಿಗೆ ಗುರಿಯಿಡುವ ಹುಡುಗರಿದ್ದಾರೆ. ಅದಕ್ಕೂ ಈ ಕವಣೆಗೂ ಇರುವ ವ್ಯತ್ಯಾಸ ನನಗೆ ಕಂಡದ್ದು ಅಲ್ಲಿ.

ಸೀತನಿ ಸುಟ್ಟು ಕೊಟ್ಟರು. ತಿನ್ನುತ್ತ ಕುಳಿತಾಗ ಬದುವಿನಾಚೆಯ ಕಡಲೆ ಹೊಲದ ಕಡೆ ಕಣ್ಣು ಹೋಯಿತು. ಅಲ್ಲಲ್ಲಿ ಕೋಲು ನೆಟ್ಟು ಮೇಲೆ ಅಡ್ಡಕಡ್ಡಿ ಕಟ್ಟಿದ್ದರು. ಒಂದರ ಮೇಲೆ ಕಾಜಾಣ ಕೂತಿತ್ತು, ಇನ್ನೊಂದರ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠ. ಇದು ಏಕೆ ಎಂದೆ. ಕಾಯಿಕೊರಕ ಹುಳು ಬಿದ್ದಾಗ ಹಕ್ಕಿ ಕೂತು ಹುಳು ತಿನ್ನಲಿ ಎಂದು, ಹೂ ಕಾಯಿ ಕಟ್ಟುವ ಹೊತ್ತಿಗೆ ಹೊಲದ ತುಂಬ ಮಂಡಾಳು ಕೂಡ ಚೆಲ್ಲಿದ್ದೆವು ಎಂದ ಹುಡುಗ. ಮಂಡಾಳು ತಿನ್ನಲು ಬಂದ ಹಕ್ಕಿ ಹುಳುವನ್ನೂ ಹೆಕ್ಕುತ್ತದೆ. ಹೇಳುತ್ತ ಹೇಳುತ್ತ ಅವನೇ ನಿಲ್ಲಿಸಿದ.

"ಅಂದ್ರ ನಮ್ಮಪ್ಪ ಅಲ್ಲಿ ಕರೀತಾನ, ಇಲ್ಲಿ ಓಡಸ್ತಾನ."

ಸೋಮವಾರದ ತರಗತಿಯಲ್ಲಿ ಆ ಮಾತನ್ನೇ ಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದೆ. ಗುಲಾಬಿ ಕಬ್ಬಕ್ಕಿ ಮರಿ ಮಾಡುವುದು ಇಲ್ಲಿ ಅಲ್ಲ, ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ. ಮಳೆಗಾಲದ ನಡುವೆ ನಮ್ಮ ದೇಶಕ್ಕೆ ಬರಲಾರಂಭಿಸಿ ಏಪ್ರಿಲ್ ಹೊತ್ತಿಗೆ ಹಿಂದಿರುಗುತ್ತದೆ. ಅಲ್ಲಿ ಅದರ ಮುಖ್ಯ ಆಹಾರ ಮಿಡತೆ. ಚೀನಾದ ಶಿಂಜಿಯಾಂಗ್ ಪ್ರಾಂತ್ಯದಲ್ಲಿ ಮಿಡತೆ ಹಾವಳಿ ತಡೆಯಲು 1980ರ ದಶಕದಿಂದ ಇದೇ ಹಕ್ಕಿ ಗೂಡು ಮಾಡಲೆಂದು ಕಲ್ಲುಗುಡ್ಡೆಗಳನ್ನೂ ಇಟ್ಟಿಗೆಯ ಗೂಡುಗಳನ್ನೂ ಕಟ್ಟಿಕೊಡುತ್ತಿದ್ದಾರೆ. ನಮ್ಮ ಮಕ್ಕಳು ಕವಣೆ ಬೀಸಿ ಓಡಿಸುವ ಹಕ್ಕಿಗೆ ಅಲ್ಲಿ ಮನೆ! ಮಕ್ಕಳು ಭೂಪಟದಲ್ಲಿ ಆ ಜಾಗ ಹುಡುಕಿದರು.

ಅದೇ ಚೀನಾದ ಇನ್ನೊಂದು ಕಥೆಯನ್ನೂ ಹೇಳಿದೆ. 1958ರಲ್ಲಿ ಅಲ್ಲಿ ನಾಲ್ಕು ಪಿಡುಗುಗಳ ವಿರುದ್ಧ ಆಂದೋಲನ ನಡೆಯಿತು: ಇಲಿ, ನೊಣ, ಸೊಳ್ಳೆ ಮತ್ತು ಗುಬ್ಬಿ. ಧಾನ್ಯ ತಿನ್ನುತ್ತದೆ ಎಂಬುದು ಗುಬ್ಬಿಯ ಮೇಲಿದ್ದ ಆರೋಪ. ಜನರು ಬೀದಿಗಿಳಿದು ತಗಡು, ಪಾತ್ರೆ, ನಗಾರಿ ಬಡಿದು ಗುಬ್ಬಿಗಳು ಎಲ್ಲಿಯೂ ಕೂರದಂತೆ ಮಾಡಿದರು. ದಣಿದ ಹಕ್ಕಿಗಳು ಆಕಾಶದಿಂದ ಉದುರಿ ಸತ್ತವು. ಗುಬ್ಬಿಗಳು ತಿನ್ನುತ್ತಿದ್ದ ಕೀಟಗಳು ಹೆಚ್ಚಿದವು. 1960ರಲ್ಲಿ ಪಟ್ಟಿಯಿಂದ ಗುಬ್ಬಿಯನ್ನು ತೆಗೆದು ತಿಗಣೆಯನ್ನು ಸೇರಿಸಿದರು. ಆ ವರ್ಷಗಳ ಭೀಕರ ಕ್ಷಾಮಕ್ಕೆ ಕಾರಣಗಳು ಹಲವು, ಇದೂ ಒಂದು.

ಡಬ್ಬಿ ಬಡಿಯುವುದು ಎಂದರೇನು ಎಂದು ಆ ಮಕ್ಕಳಿಗೆ ವಿವರಿಸಬೇಕಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಅವರು ಒಂದ ಹೊಲದಾಗ ಬಡದಿದ್ರ ಸಾಕಾಗ್ತಿತ್ತಲ್ರಿ, ಹಕ್ಕಿ ಬ್ಯಾರೆ ಕಡೆ ಕುಂದರ್ತಿದ್ವು?" ಅಜ್ಜಿ ಹೇಳಿದ 'ಎಬ್ಬಸಾಕ' ಎಂಬ ಮಾತನ್ನು ಆಗ ಹುಡುಗನೇ ಎದ್ದು ಹೇಳಿದ. ಆ ಪಾಠದ ಯೋಜನೆ ನನ್ನ ಕಡತದಲ್ಲಿಲ್ಲ. ಬರೆದಿರಲಿಲ್ಲ.

ಗೋಡೆಯ ಚಾರ್ಟಿನ ಮಾತು ಬದಲಿಸಬೇಕೇ ಎಂದು ಕೇಳಿದೆ. ಬೇಡ, ಇರಲಿ ಎಂದರು. ಯಾರೋ ಅದರ ಕೆಳಗೆ ಪೆನ್ಸಿಲಿನಲ್ಲಿ 'ಜ್ವಾಳಾನೂ' ಎಂದು ಸೇರಿಸಿದ್ದರು, ನಾನು ಅಳಿಸಲಿಲ್ಲ.

ಫೆಬ್ರವರಿ ಕೊನೆಗೆ ನಮ್ಮ ಅವಧಿ ಮುಗಿಯುವುದಿತ್ತು. ವೀಕ್ಷಣಾ ಪುಸ್ತಕದ ಆ ಎರಡನೆಯ ಸಾಲಿಗೆ ಇನ್ನು ಉತ್ತರ ಕೊಡಲೇಬೇಕು. ನಾವು ನೀರಿಟ್ಟದ್ದು ಡಿಸೆಂಬರಿನಲ್ಲಿ, ಹಕ್ಕಿಗೆ ನೀರು ನಿಜವಾಗಿ ಬೇಕಾಗುವುದು ಬಿಸಿಲು ನಲವತ್ತು ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಶಾಲೆಗೆ ರಜೆ, ನಾನು ಪರೀಕ್ಷೆಗೆ ಓದುತ್ತಿರುತ್ತೇನೆ. ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ಬೋಗುಣಿ ಕಟ್ಟಿ ಫೋಟೋ ತೆಗೆಸಿ, ಏಪ್ರಿಲ್ ಹತ್ತಕ್ಕೆ ಅದು ಒಣಗಿ ಬಿರುಕು ಬಿಟ್ಟದ್ದನ್ನು ನಾವೆಲ್ಲರೂ ಯಾವುದೋ ಶಾಲೆಯಲ್ಲಿ ನೋಡಿಯೇ ಇದ್ದೇವೆ. ಒಂದು ಕಡೆ ನೀರು ಸಿಗುತ್ತದೆ ಎಂದು ರೂಢಿಯಾದ ಹಕ್ಕಿಗೆ, ಬೇಸಿಗೆಯ ನಡುವೆ ಅದು ಇಲ್ಲವಾಗುವುದು ಮೊದಲಿನಿಂದಲೂ ಇಲ್ಲದ್ದಕ್ಕಿಂತ ಕೆಟ್ಟದ್ದು.

ಮಕ್ಕಳ ಹೆಸರಿನ ಸರದಿ ಪಟ್ಟಿ ಮಾಡಿದೆ. ಮುಖ್ಯೋಪಾಧ್ಯಾಯರು ಅದನ್ನು ನೋಡಿ, "ರಜಾದಾಗ ಅರ್ಧ ಮಂದಿ ಅವ್ವ-ಅಪ್ಪನ ಜೋಡಿ ದುಡಿಯಾಕ ಬೇರೆ ಊರಿಗೆ ಹೋಗಿರ್ತಾರ" ಎಂದರು. ಆಗ ಯೋಚನೆ ಬದಲಾಯಿತು. ಜನ ಹೇಗೂ ನೀರಿಗೆ ಬರುವ ಕಡೆಗೇ ಹಕ್ಕಿಯ ನೀರನ್ನು ಒಯ್ದರೆ ಯಾರನ್ನೂ ನೇಮಿಸಬೇಕಿಲ್ಲ. ಶಾಲೆಯ ಹಿಂಗೋಡೆಗೆ ಹೊಂದಿಕೊಂಡೇ ಓಣಿಯ ನೀರಿನ ಟ್ಯಾಂಕ್ ಇದೆ. ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಹೆಂಗಸರು ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ಒಬ್ಬರ ಹಿತ್ತಲಲ್ಲಿ ಎತ್ತು ಮಾರಿದ ಮೇಲೆ ಬಿದ್ದಿದ್ದ ಹಳೆಯ ಕಲ್ಲಿನ ಬಾನಿ ಸಿಕ್ಕಿತು. ಅದನ್ನು ಆರು ಜನ ಹುಡುಗರು ಉರುಳಿಸಿಕೊಂಡು ತಂದರು. ಬಾನಿ ಆಳ, ಗುಬ್ಬಿ ಮುಳುಗೀತು. ಅದಕ್ಕೇ ಅರ್ಧಕ್ಕೆ ಕಲ್ಲು ತುಂಬಿ ಎರಡು ಬೆರಳು ನೀರು ನಿಲ್ಲುವಂತೆ ಮಾಡಿದೆವು. ಮೇಲೆ ಹೊಂಗೆಯ ನೆರಳು, ಸುತ್ತ ಬಯಲು. ಕೊಡ ತುಂಬಿದವರು ಒಂದೊಂದು ತಂಬಿಗೆ ಸುರಿದು ಹೋಗುತ್ತಾರೆ.

ಸೊಳ್ಳೆಯಾಗುತ್ತದೆ ಎಂದು ಒಬ್ಬ ತಾಯಿ ಆಕ್ಷೇಪಿಸಿದರು. ನ್ಯಾಯವಾದ ಆಕ್ಷೇಪ. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಬೇಕು, ನೀರು ಬಿಡುವ ದಿನವೆಲ್ಲ ಹಳೆಯದನ್ನು ಚೆಲ್ಲಿ ಬಾನಿ ತಿಕ್ಕಿದರೆ ಆ ಸರಪಳಿ ತುಂಡಾಗುತ್ತದೆ ಎಂದು ಅವರ ಮಗಳೇ ಲೆಕ್ಕ ಹಾಕಿ ಹೇಳಿದಳು. ತಿಕ್ಕುವುದು ಯಾರು ಎಂಬುದು ಮಾತ್ರ ನಾನು ಹೊರಡುವ ದಿನದವರೆಗೂ ತೀರ್ಮಾನವಾಗಲಿಲ್ಲ.

ಏಪ್ರಿಲಿನಲ್ಲಿ ಕೊಪ್ಪಳಕ್ಕೆ ಪರೀಕ್ಷಾ ಶುಲ್ಕ ಕಟ್ಟಲು ಬಂದವಳು ಬಸ್ಸು ಹಿಡಿದು ಅಲ್ಲಿಗೆ ಹೋದೆ. ಬೇವಿನ ನಾಲ್ಕು ಬೋಗುಣಿಗಳಲ್ಲಿ ಎರಡು ಒಡೆದಿದ್ದವು, ಎರಡು ಒಣಗಿದ್ದವು. ಮೂರು ಗೂಡಿನ ಪೆಟ್ಟಿಗೆಗಳಲ್ಲಿ ಒಂದಕ್ಕೆ ಗುಬ್ಬಿ ಹುಲ್ಲು ಒಯ್ಯುತ್ತಿತ್ತು. ಕಿಟಕಿಯ ರಂಗೋಲಿ ಮಾಸಿದೆ, ಮತ್ತೆ ಹಾಕಬೇಕು. ಬಾನಿಯಲ್ಲಿ ನೀರಿತ್ತು. ಅಂಚಿನಲ್ಲಿ ಎರಡು ಬೆಳವ, ಸ್ವಲ್ಪ ಆಚೆ ಒಂದು ಅಳಿಲು. ನಾನು ಗೋಡೆಯ ಮರೆಯಲ್ಲಿ ನಿಂತು ಅವು ಕುಡಿದು ಮುಗಿಸುವವರೆಗೂ ಕಾದೆ.

ಕಳೆದ ವಾರ ಒಂದು ಕರೆ ಬಂತು. ಅಪ್ಪನ ಫೋನಿನಿಂದ ಅದೇ ಹುಡುಗ.

"ಮೇಡಂ, ಬಾನ್ಯಾಗ ಪಾಚಿ ಕಟ್ಟೈತ್ರಿ. ಸೋಪಿನ ಪುಡಿ ಹಾಕಿ ತಿಕ್ಕಲ್ರ್ಯಾ?"

"ಸೋಪು ಬ್ಯಾಡ. ಮರಳು, ತೆಂಗಿನ ನಾರು ತಗೊಂಡು ತಿಕ್ಕು. ಆಮೇಲೆ ಎರಡು ಸಲ ಬರೀ ನೀರಿಂದ ತೊಳಿ."

"ಕಲ್ಲು ತಗದು ತೊಳೀಬೇಕೇನ್ರಿ?"

"ಹೌದು, ಕಲ್ಲೂ ತೊಳಿಬೇಕು."

"ಹಂಗಾರ ನಾಳೆ ಇನ್ನಿಬ್ಬರನ್ನ ಕರ್ಕೊಂಡು ಹೋಗ್ತೀನ್ರಿ" ಎಂದು ಫೋನ್ ಇಟ್ಟ.